ಸೇಸಕ್ಕನಿಗೆ ಜುಮ್ಮೆಂದ ಸದ್ದು

ಹಲ್ಲು ಕೀಳಲು ಈಗ ಇಂಜೆಕ್ಷನ್ ಇಲ್ಲ. ಯಾರಿಗೆ ಯಾವ ಸದ್ದಿಗೆ ಮೈ ಜುಮ್ಮೆನ್ನುತ್ತದೋ ಅವರಿಗೆ ಅದನ್ನು ಕೇಳಿಸಿದರೆ ನೋವು ತಿಳಿಯುವುದಿಲ್ಲ. ಆದರೆ ಸೇಸಕ್ಕನಿಗೆ ಪಿಸುಮಾತು, ಬ್ರಷ್ ಉಜ್ಜುವ ಸದ್ದು, ನೀರು ತೊಟ್ಟಿಕ್ಕುವ ಸದ್ದು ಯಾವುದೂ ತಾಗಲಿಲ್ಲ.

"ಹಾಗೇ ಕಿತ್ತುಬಿಡಿ ಡಾಕ್ಟ್ರೆ," ಎಂದಳು, ಊದಿದ ಕೆನ್ನೆ ಹಿಡಿದು.

ನರ್ಸ್ ಹಿಲ್ಡಾ ಒಪ್ಪಲಿಲ್ಲ. "ಮೊದಲು ಏನು ಕೆಲಸ ಮಾಡ್ತಿದ್ರಿ ಅಕ್ಕ?"

"ಎಲೆ ಕತ್ತರಿಸಿ ಬೀಡಿ ಕಟ್ಟುದು. ಮೂವತ್ತು ವರ್ಷ. ದರಿದ್ರದ ಕೆಲಸ."

ಹಿಲ್ಡಾ ಅಂಗಳದಿಂದ ಒಣ ಬಾದಾಮಿ ಎಲೆಗಳನ್ನು ತಂದು, ಅವಳ ಕಿವಿಯ ಬಳಿ ಕತ್ತರಿಯಿಂದ ಕತ್ತರಿಸತೊಡಗಿದಳು. ಸೇಸಕ್ಕನ ತೋಳಿನ ರೋಮ ಎದ್ದು ನಿಂತಿತು. ಕಣ್ಣು ತಾನಾಗಿ ಮುಚ್ಚಿತು. ಹಲ್ಲು ಕಿತ್ತು ಬಂದದ್ದೇ ಗೊತ್ತಾಗಲಿಲ್ಲ.

ಹಿಲ್ಡಾ ಮನೆಗೆ ಒಯ್ಯುವ ಚೀಟಿಯಲ್ಲಿ ಸದ್ದಿನ ಹೆಸರು 'ಬೀಡಿ ಎಲೆ' ಎಂದು ಬರೆಯಹೊರಟಾಗ, ಸೇಸಕ್ಕ ಹತ್ತಿ ಕಚ್ಚಿದ ಬಾಯಲ್ಲೇ ತಡೆದಳು.

"ಅದನ್ನು ಬರಿಬೇಡ ಮಾರಾಯ್ತಿ. ಮಕ್ಕಳೆದುರು ದಿನಾ ಆ ಕೆಲಸಕ್ಕೆ ಶಾಪ ಹಾಕಿದವಳು ನಾನು."