ಬಾಲ ಚಿವುಟಿದ ಮೀನು

ಒದ್ದೆ ಇದ್ದಿಲಿನ ವಾಸನೆ ಬಂದರೆ ಇಂದಿಗೂ ನನ್ನ ತುಟಿ ತಾನಾಗಿಯೇ ಬಿಗಿಯುತ್ತದೆ.

ಮಲೆಯಲ್ಲಿ ಸುರಂಗ ಕೊರೆದು ತಂದ ಹೊಸ ನೀರು ನಮ್ಮ ಗೂಡಲೂರಿನ ಕಾಲುವೆಗೆ ಬಂದ ವರ್ಷವದು. ಅದನ್ನು ತಿಳಿಯಾಗಿಸಲು ಅಪ್ಪ ಮೂರು ಮಡಕೆಗಳ ತಳಕ್ಕೆ ತೂತು ಕೊರೆದು, ಗರಸು, ಮರಳು, ಇದ್ದಿಲು ತುಂಬಿ, ಒಂದರ ಮೇಲೊಂದು ಇಟ್ಟ. ನೀರು ಹನಿಹನಿಯಾಗಿ ಕೆಳಗಿನ ಕಲ್ಲುತೊಟ್ಟಿಗೆ ಇಳಿಯುತ್ತಿತ್ತು. ತೊಟ್ಟಿಯೊಳಗೆ ಕೆರೆಯಿಂದ ತಂದ ನೀರುಗಿಡಗಳನ್ನು ನೆಟ್ಟಿದ್ದ.

“ಸತ್ತೋರಿಗೆ ಕಟ್ಟೋದು ತೂತು ಮಡಕೆ. ಇಲ್ಲಿ ಯಾರು ಸತ್ರು?” ಎಂದಳು ಅಜ್ಜಿ. “ಮಲೆ ಹೊಟ್ಟೆ ಬಗೆದು ತಂದ ನೀರು ಇದು. ಮೊದ್ಲು ಮೀನು ಕುಡೀಲಿ. ಎಂಟು ದಿನ ಬದುಕಿದ್ರೆ ನಾನೂ ಕುಡೀತೀನಿ.”

“ಆಗ್ಲಿ ಅವ್ವಾ,” ಎಂದ ಅಪ್ಪ.

ಅಜ್ಜಿಗೆ ಮಗನ ಮೇಲೂ ನಂಬಿಕೆಯಿರಲಿಲ್ಲ. ಒಂದು ಕೆಂಡೆ ಮೀನಿನ ಬಾಲದ ತುದಿಯನ್ನು ತಾನೇ ಚಿವುಟಿ, ಗುರುತು ಮಾಡಿ ತೊಟ್ಟಿಗೆ ಬಿಟ್ಟಳು. ಅವಳ ಕಣ್ಣು ಮಂಜಾಗಿದ್ದರಿಂದ ಕಾವಲಿಗೆ ನನ್ನನ್ನು ಕೂರಿಸಿದಳು.

ಎಂಟನೆಯ ದಿನ ಮಧ್ಯಾಹ್ನ ನಾನು ಉಂಡು ಬರುವಷ್ಟರಲ್ಲಿ ಅಪ್ಪ ತೊಟ್ಟಿಯ ಬಳಿ ನಿಂತಿದ್ದ. ಅವನ ಕೈ ಮೊಣಕೈವರೆಗೆ ಒದ್ದೆಯಾಗಿತ್ತು. ಗಿಡಗಳ ನಡುವೆ ಮೀನು ಚುರುಕಾಗಿ ಓಡಾಡುತ್ತಿತ್ತು. ಅದರ ಬಾಲ ಎಲ್ಲೂ ಮುಕ್ಕಾಗಿರಲಿಲ್ಲ.

“ಮಗಾ, ಅದೇ ಮೀನು ತಾನೇ?” ಅಜ್ಜಿ ನನ್ನ ಹೆಗಲು ಹಿಡಿದು ಕೇಳಿದಳು.

ಅಪ್ಪ ಮಡಕೆಗಳನ್ನೇ ನೋಡುತ್ತಿದ್ದ.

“ಅದೇ ಅಜ್ಜಿ,” ಎಂದೆ.

ಅವಳು ತೊಟ್ಟಿಯಿಂದ ಒಂದು ಚೆಂಬು ಮೊಗೆದು ಗಟಗಟನೆ ಕುಡಿದಳು. “ತಂಪಾಗೈತೆ,” ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಅಪ್ಪ ಅದೇ ಚೆಂಬನ್ನು ಮತ್ತೆ ತುಂಬಿ ನನ್ನ ಕಡೆ ಚಾಚಿದ.

ನನಗೆ ಬಾಯಾರಿಕೆಯಿಲ್ಲ ಎಂದೆ.