ಸೋಸಿದ ಗಂಜಿ

ಆದಮ್ಮ ಗಂಜಿಯನ್ನು ಬಟ್ಟೆಯಲ್ಲಿ ಸೋಸುತ್ತಿದ್ದಳು. ಹೆಸರುಬೇಳೆ, ನುಚ್ಚು, ನುಗ್ಗೆಸೊಪ್ಪು ಎಲ್ಲವೂ ಬಟ್ಟೆಯಲ್ಲೇ ಉಳಿದವು. ಬಟ್ಟಲಿಗೆ ಇಳಿದದ್ದು ಬರೀ ತಿಳಿ. ಬಾಯಿಯ ಕ್ಯಾನ್ಸರಾಗಿ ಮಲಗಿದ್ದ ಅತ್ತೆ ಸೂಗಮ್ಮ ಅದನ್ನೇ ನೋಡುತ್ತಿದ್ದಳು.

ಬೆಳಿಗ್ಗೆ ಗಂಡ ಪಂಪಣ್ಣ ಸಿಂಧನೂರಿನಿಂದ ರಕ್ತಪರೀಕ್ಷೆಯ ಚೀಟಿ ತಂದಿದ್ದ. "ಅವ್ವನ ರಕ್ತ ಏಳೈತಂತ. ಹತ್ತಕ್ಕ ಏರಲಿಲ್ಲಂದ್ರ ಗಡ್ಡಿ ಸುಡಾಕ ಕರೆಂಟ್ ಕೊಟ್ರೂ ಉಳಿಯೂದು ಕಷ್ಟ ಅಂದಾರ ಡಾಕ್ಟ್ರು. ಗಟ್ಟಿ ಉಣ್ಣಿಸು," ಎಂದು ಹೇಳಿ ಗದ್ದೆಗೆ ಹೋಗಿದ್ದ.

ಏಳು. ಎರಡು ವರ್ಷದ ಹಿಂದೆ ಬಸುರಿ ಆದಮ್ಮನ ಚೀಟಿಯಲ್ಲೂ ಅದೇ ಏಳಿತ್ತು. ಹಾಲು, ಸೊಪ್ಪು ಕೊಡಿರೆಂದ ನರ್ಸಬಾಯಿಯ ಮುಂದೆ ಸೂಗಮ್ಮ ದವಡೆಯಲ್ಲಿ ತಂಬಾಕು ಇಟ್ಟುಕೊಂಡೇ ನಕ್ಕಿದ್ದಳು. "ನಾವೇನ್ ಹಾಲು ಕುಡದು ಹಡದೀವೇನ್ರಿ ಬಾಯಾರ? ಇಕಿಗೆ ತಿಳಿ ಗಂಜಿ ಸಾಕು." ಅಳದೆ ಹುಟ್ಟಿದ ಕೂಸನ್ನು ಕಾಲುವೆ ದಂಡೆಯಲ್ಲಿ ಹೂತು ಬಂದಿದ್ದರು.

ಆದಮ್ಮ ಬಟ್ಟೆಯನ್ನು ಕೊನೆಯ ಹನಿಯವರೆಗೆ ಹಿಂಡಿದಳು. ಒಳಗಿನ ಮುದ್ದೆಯನ್ನು ಅತ್ತೆಯ ಕಣ್ಣೆದುರೇ ಎಮ್ಮೆಯ ಮುಸುರೆ ಬಾನಿಗೆ ಕೊಡವಿ, ಬಟ್ಟಲನ್ನು ತಂದು ಹಾಸಿಗೆಯ ಪಕ್ಕದಲ್ಲಿಟ್ಟಳು. ಸೂಗಮ್ಮ ತಿಳಿಯಲ್ಲಿ ಬೆರಳಾಡಿಸಿ ನೋಡಿದಳು. ಒಂದು ಕಾಳೂ ಸಿಗಲಿಲ್ಲ.

"ನನಗ ನುಂಗಾಕ ಬರ್ತೈತಿ, ಆದಮ್ಮ. ನಾಳಿ ಸೋಸಬ್ಯಾಡವ್ವ."

ಆದಮ್ಮ ಬಟ್ಟೆಯನ್ನು ತೊಳೆದು, ನಾಳೆಗೆಂದು ಹಗ್ಗದ ಮೇಲೆ ಹರವಿದಳು.