ಮರದ ತೊಟ್ಟಿಯ ಗುಲಾಬಿ

ವಿನುತಾಳ ಅಮ್ಮ ತೀರಿಕೊಳ್ಳುವ ಮುಂಚೆ ಕೊನೆಯ ಸಲ ಬಂದಾಗ ಹಿತ್ತಲಿನಲ್ಲಿದ್ದ ಮರದ ಹಲಗೆಯ ಎತ್ತರದ ತೊಟ್ಟಿಯಲ್ಲಿ ನೆಟ್ಟುಹೋಗಿದ್ದ ಗುಲಾಬಿ ಅದು. ಹಿಮ ಬೀಳುವ ಊರು. ಚಳಿಗಾಲಕ್ಕೆ ಮುಂಚೆ ಹೂ ಕಿತ್ತರೆ ಗಿಡ ಎಳೆ ಚಿಗುರು ಬಿಡುತ್ತದೆ, ಆಮೇಲೆ ಚಳಿಗೆ ಉಳಿಯುವುದಿಲ್ಲ ಎಂದು ಪಕ್ಕದ ಮನೆಯಾಕೆ ವಿನುತಾಳನ್ನು ಎಚ್ಚರಿಸಿದ್ದಳು.

ಆದರೆ ತಮ್ಮೂರಿನಿಂದ ಬಂದಿದ್ದ ಅತ್ತೆ ದಿನಾ ಬೆಳಗ್ಗೆ ಸ್ನಾನ ಮಾಡಿ, ಸ್ವೆಟರಿನ ಮೇಲೆ ಸೆರಗು ಹೊದ್ದು, ಪೂಜೆಗೆಂದು ಒಂದು ಹೂ ಕತ್ತರಿಸಿ ತರುತ್ತಿದ್ದರು. ಸೊಸೆ ಅಂಗಡಿಯಿಂದ ಸೇವಂತಿಗೆ ತಂದುಕೊಟ್ಟಳು.

"ಅದು ಇರ್ಲಿ ಬಿಡಮ್ಮ, ನಂಗೆ ಈ ಗಿಡದ್ದೇ ಬೇಕು."

"ನೀವಾದ್ರೂ ಹೇಳಿ," ಎಂದು ಗಂಡನಿಗೆ ದುಂಬಾಲು ಬಿದ್ದಳು.

"ದೇವರಿಗೆ ಕೀಳೋ ಹೂವನ್ನ ಬೇಡ ಅಂತ ಹೇಗೆ ಹೇಳ್ಲಿ? ನೀನೇ ಹೇಳು."

 ಹಿಮ ಶುರುವಾದಾಗ ವಿನುತಾ ತೊಟ್ಟಿಗೆ ಗೋಣಿತಾಟು ಸುತ್ತಿ, ಬುಡಕ್ಕೆ ಒಣಹುಲ್ಲು ತುಂಬಿದಳು.

ಹಿಮ ಕರಗಿದ ಮೇಲೆ ಗೋಣಿ ಬಿಚ್ಚಿದರೆ ಗಿಡ ಬುಡದವರೆಗೂ ಕಪ್ಪಗೆ ಸತ್ತಿತ್ತು. ಇಷ್ಟು ದಿನ ನುಂಗಿಕೊಂಡಿದ್ದ ಮಾತು ಇನ್ನೇನು ಅವಳ ಬಾಯಿಂದ ಹೊರಬೀಳಬೇಕು, ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಅತ್ತೆಯೇ ಅಳತೊಡಗಿದರು.

"ನನ್ನ ಹರಕೆ ದೇವರಿಗೆ ಮುಟ್ಟಲೇ ಇಲ್ವಲ್ಲಮ್ಮ. ನಿಮ್ಮಮ್ಮ ನೆಟ್ಟ ಗಿಡ ಈ ಚಳೀಲಿ ಉಳೀಲಿ ಅಂತ ದಿನಾ ಅದರದೇ ಹೂ ಏರಿಸ್ತಿದ್ದೆ."